ಅಡಿಕೆಯ ಸೀಮೆಯಲ್ಲಿ ಅರ್ಬುದದ ಪೂರ್ವಸೂಚನೆ: ವಿದ್ಯುದ್ರಾಸಾಯನಿಕ ಸಂವೇದಕಗಳ ವಿಚಾರ



ಭದ್ರಾ ನಾಲೆ ಹರಿದಲ್ಲಿ ಅದರ ನೀರಿನಿಂದಲೂ, ಹರಿಯದಲ್ಲಿ ಕೊಳವೆಬಾವಿಯ ನೀರಿನಿಂದಲೂ ಬೆಳೆದು, ಸುಲಿದು, ಬೇಯಿಸಿ, ಚೊಗರು ಹಿಡಿಸಿ, ಒಣಗಿಸಿ ರಾಶಿಯಾದ ಅಡಿಕೆಯು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಈ ಸೀಮೆಯ ಎಷ್ಟೋ ಮನೆಗಳನ್ನು ಕಟ್ಟಿಸಿದೆ, ಎಷ್ಟೋ ಮಕ್ಕಳನ್ನು ದೂರದ ಊರುಗಳಲ್ಲಿ ಓದಿಸಿದೆ, ಎಷ್ಟೋ ಮದುವೆಗಳನ್ನು ಸಾಲವಿಲ್ಲದೆ ನೆರವೇರಿಸಿದೆ; ಚನ್ನಗಿರಿಯ ತುಮ್ಕೋಸ್ ಎಂಬ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯ ಹೆಸರನ್ನು ಅಡಿಕೆಯ ವ್ಯವಹಾರ ಬಲ್ಲವರೆಲ್ಲರೂ ಗೌರವದಿಂದ ಹೇಳುತ್ತಾರೆ. ಇಂಥ ನೆಲದಲ್ಲಿ ನಿಂತು ಬಾಯಿಯ ಅರ್ಬುದದ ಮಾತನ್ನೆತ್ತುವುದು ಉಪನ್ಯಾಸಕನಿಗೆ ಸುಲಭವಲ್ಲ. ಆದರೂ ಆ ಮಾತನ್ನು ಆಡಲೇಬೇಕಾಗಿದೆ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನೂ, 2004ರಲ್ಲಿ ಪ್ರಕಟವಾದ ಮತ್ತೊಂದು ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಬರಿಯ ಅಡಿಕೆಯನ್ನೂ, ಮನುಷ್ಯನಲ್ಲಿ ಅರ್ಬುದವನ್ನುಂಟುಮಾಡತಕ್ಕ ವಸ್ತುಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಬೆಳೆಗಾರರಲ್ಲಿ ಈ ನಿರ್ಣಯವನ್ನು ಒಪ್ಪದವರು ಉಂಟೆಂಬುದನ್ನು ಬಲ್ಲೆ. ಅವರ ಜೀವನೋಪಾಯದ ಪ್ರಶ್ನೆಯು ಗಂಭೀರವಾದದ್ದು, ಅದಕ್ಕೆ ಬೇರೆಯೇ ಒಂದು ಸಭೆ ಬೇಕು. ನನ್ನ ಅರಿಕೆಯು ಅಗಿಯುವವನ ಬಾಯಿಗೆ ಸಂಬಂಧಿಸಿದ್ದು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ತೂಕಡಿಕೆ ಬಾರದಿರಲೆಂದು ಎಲೆಯಡಿಕೆಯನ್ನು ದವಡೆಗೊತ್ತಿಕೊಂಡು ಕೂಡುವ ಕೂಲಿಯ ತಾಯಿಯ ಬಾಯಿ ಅದು. ಗುಟ್ಕಾದ ಚೀಟಿಯನ್ನು ಹಲ್ಲಿನಿಂದ ಹರಿಯುವ ಹದಿಹರೆಯದ ಹುಡುಗನ ಬಾಯಿಯೂ ಅದೇ.

ರೋಗವು ನೆಲೆಯೂರುವ ಮೊದಲೇ ಅದನ್ನು ಕಂಡುಹಿಡಿಯಲು ರಸಾಯನಶಾಸ್ತ್ರವೂ ವಿದ್ಯುಚ್ಛಾಸ್ತ್ರವೂ ಕೂಡಿ ನಿರ್ಮಿಸುತ್ತಿರುವ ಒಂದು ಸಾಧನವುಂಟು. ಅದಕ್ಕೆ ವಿದ್ಯುದ್ರಾಸಾಯನಿಕ ಜೈವಿಕ ಸಂವೇದಕವೆಂದು ಹೆಸರು. ಹೆಸರು ದೀರ್ಘವಾದರೂ ವಸ್ತು ಅಪರಿಚಿತವಲ್ಲ; ಬೆರಳ ತುದಿಯ ಒಂದು ಹನಿ ರಕ್ತವನ್ನು ಪುಟ್ಟ ಪಟ್ಟಿಗೆ ಮುಟ್ಟಿಸಿ ಸಕ್ಕರೆಯ ಪ್ರಮಾಣವನ್ನು ಅಂಕಿಯಲ್ಲಿ ತೋರಿಸುವ ಯಂತ್ರವು ಇಂದು ಹೊನ್ನಾಳಿಯ ಔಷಧದಂಗಡಿಯಲ್ಲಿಯೂ ದೊರೆಯುತ್ತದೆ, ಮತ್ತು ಅದು ಇದೇ ಕುಲದ ಹಿರಿಯ ಸಂತಾನ. ಅಮೆರಿಕದ ಲೆಲೆಂಡ್ ಕ್ಲಾರ್ಕ್ ಎಂಬ ವಿಜ್ಞಾನಿಯು ರಕ್ತದೊಳಗಿನ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರವನ್ನು 1956ರಲ್ಲಿ ವರ್ಣಿಸಿ, 1962ರಲ್ಲಿ ಲಯನ್ಸ್ ಎಂಬವರೊಡನೆ ಸೇರಿ ಆ ವಿದ್ಯುದಗ್ರದ ಮುಂದೆ ಒಂದು ಕಿಣ್ವವನ್ನು ತೆಳುಪೊರೆಗಳ ನಡುವೆ ಹಿಡಿದಿಟ್ಟರೆ ಸಕ್ಕರೆಯನ್ನೂ ಅಳೆಯಬಹುದೆಂದು ತೋರಿಸಿದನು. ಜೀವವಸ್ತುವು ತಾನು ಬಲ್ಲ ಒಂದೇ ಪದಾರ್ಥವನ್ನು ಗುರುತಿಸುವುದು, ಆ ಗುರುತಿಸುವಿಕೆಯು ಎಲೆಕ್ಟ್ರಾನುಗಳ ಚಲನೆಯಾಗಿ ಪರಿಣಮಿಸುವುದು, ಆ ಚಲನೆಯನ್ನು ಅಂಕಿಯಾಗಿ ಓದುವುದು: ಈ ಮೂರು ಹೆಜ್ಜೆಗಳಲ್ಲಿ ಸಂವೇದಕದ ತತ್ತ್ವವೆಲ್ಲ ಅಡಗಿದೆ.

ಇದರ ರಚನೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ಪಟ್ಟಿಯ ಮೇಲೆ ಮೂರು ವಿದ್ಯುದಗ್ರಗಳಿರುತ್ತವೆ. ಕ್ರಿಯೆ ನಡೆಯುವುದು ಮೊದಲನೆಯದರ ಮೇಲೆ. ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನಿಂದಾದ ಎರಡನೆಯದು ವಿಭವವನ್ನು ಅಳೆಯಲು ಕದಲದ ನೆಲೆಯಾಗಿ ನಿಲ್ಲುತ್ತದೆ. ಮೂರನೆಯದು ಪ್ರವಾಹದ ಮಂಡಲವನ್ನು ಪೂರ್ಣಗೊಳಿಸುತ್ತದೆ. ಅರ್ಬುದದ ಸಂವೇದಕದಲ್ಲಿ ಮೊದಲನೆಯ ವಿದ್ಯುದಗ್ರಕ್ಕೆ ಸಾಮಾನ್ಯವಾಗಿ ಚಿನ್ನದ ಲೇಪವಿರುತ್ತದೆ. ಗಂಧಕವನ್ನು ತುದಿಯಲ್ಲಿ ಹೊತ್ತ ಅಣುಗಳು ಚಿನ್ನಕ್ಕೆ ಬಿಗಿಯಾಗಿ ಅಂಟುವ ಗುಣವನ್ನು ಬಳಸಿ ಅದರ ಮೇಲೆ ಒಂದು ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿಯಬಲ್ಲ ಪ್ರತಿಕಾಯಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ರೋಗಸೂಚಕವಾದ ಆ ಪ್ರೋಟೀನು ಬಂದು ಕುಳಿತಾಗ, ದ್ರಾವಣದಲ್ಲಿ ಸಂಚರಿಸುತ್ತಿದ್ದ ಫೆರಿಸೈನೈಡಿನಂಥ ಅಯಾನುಗಳಿಗೆ ಚಿನ್ನದ ಮೈಯನ್ನು ಮುಟ್ಟುವ ದಾರಿ ಅಡ್ಡವಾಗುತ್ತದೆ, ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ಕುಗ್ಗುತ್ತದೆ, ಪ್ರತಿರೋಧವು ಏರುತ್ತದೆ. ಆ ಏರಿಕೆಯೇ ನಮಗೆ ಬೇಕಾದ ಸುದ್ದಿ. ಸುದ್ದಿಯು ಕ್ಷೀಣವಾದಲ್ಲಿ ಇನ್ನೊಂದು ಉಪಾಯವುಂಟು: ಹಿಡಿಯಲ್ಪಟ್ಟ ಪ್ರೋಟೀನಿನ ಬೆನ್ನ ಮೇಲೆ ಎರಡನೆಯ ಪ್ರತಿಕಾಯವನ್ನು ಕೂರಿಸಿ, ಅದರ ಕೊರಳಿಗೆ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಕಟ್ಟಿ, ಹೈಡ್ರೋಜನ್ ಪೆರಾಕ್ಸೈಡನ್ನು ಉಣಿಸಿದರೆ, ಒಂದು ಅಣುವಿನ ಆಗಮನವು ಎಡೆಬಿಡದ ಅನೇಕ ಕ್ರಿಯೆಗಳಾಗಿ ಬೆಳೆದು ಪ್ರವಾಹವು ಅಳೆಯುವಷ್ಟು ದೊಡ್ಡದಾಗುತ್ತದೆ.

ಸಕ್ಕರೆಯನ್ನು ಅಳೆದವರಿಗೆ ಅರ್ಬುದದ ಸೂಚಕವನ್ನು ಅಳೆಯುವುದು ಏತಕ್ಕೆ ದುಸ್ತರವಾಯಿತು? ಆರೋಗ್ಯವಂತನ ಒಂದು ಮಿಲಿಲೀಟರು ರಕ್ತದಲ್ಲಿ ಸುಮಾರು 1 ಮಿಲಿಗ್ರಾಂ ಗ್ಲೂಕೋಸು ಇರುತ್ತದೆ. ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ ಎಂಬವರು 1965ರಲ್ಲಿ ವರ್ಣಿಸಿದ, ಇಂದು ಆಸ್ಪತ್ರೆಗಳಲ್ಲಿ ಸಿ.ಇ.ಎ. ಎಂದು ಕರೆಯುವ ಸೂಚಕವು ಅದೇ ಒಂದು ಮಿಲಿಲೀಟರಿನಲ್ಲಿ 5 ನ್ಯಾನೋಗ್ರಾಮನ್ನು ದಾಟಿದರೆ ವೈದ್ಯನು ಹುಬ್ಬೇರಿಸುತ್ತಾನೆ. ತೂಕದಲ್ಲಿ ಇದು ಗ್ಲೂಕೋಸಿಗಿಂತ 2 ಲಕ್ಷ ಪಟ್ಟು ಕಡಿಮೆ. ಆ ಪ್ರೋಟೀನಿನ ಒಂದು ಅಣುವು ಗ್ಲೂಕೋಸಿನ ಅಣುವಿಗಿಂತ ಸುಮಾರು ಸಾವಿರ ಪಟ್ಟು ಭಾರವಾದ್ದರಿಂದ, ಅಣುಗಳ ಎಣಿಕೆಯಲ್ಲಿ ಸುಮಾರು 20 ಕೋಟಿ ಪಟ್ಟು ಕಡಿಮೆ. ಅದು ಒಂಟಿಯಾಗಿಯೂ ಇಲ್ಲ. ಅದರ ಸುತ್ತ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ತೂಕದಲ್ಲಿ ಸುಮಾರು 80 ಲಕ್ಷ ಪಟ್ಟು ಹೆಚ್ಚಾಗಿ ತುಂಬಿಕೊಂಡಿದ್ದು, ಚಿನ್ನದ ಮೈಯನ್ನು ಕಂಡಲ್ಲಿ ಅಂಟಿಕೊಂಡು ಕೂಡುವುದು ಅದರ ಸ್ವಭಾವ. ಬೀಡಿ, ಸಿಗರೇಟು ಸೇದುವವರಲ್ಲಿ ಅರ್ಬುದವಿಲ್ಲದೆಯೇ ಸಿ.ಇ.ಎ. ಪ್ರಮಾಣವು ಏರಿರುತ್ತದೆಂಬುದನ್ನೂ ಕೂಡಿಸಿಕೊಂಡರೆ, ಅಂಕಿಯನ್ನು ಪಡೆಯುವುದಕ್ಕಿಂತ ಅದರ ಅರ್ಥವನ್ನು ಪಡೆಯುವುದು ಕಷ್ಟವೆಂಬುದು ವಿಶದವಾಗುತ್ತದೆ.

ಬಾಯಿಯ ಅರ್ಬುದಕ್ಕಾದರೋ ರಕ್ತವನ್ನೇ ಅವಲಂಬಿಸಬೇಕಾಗಿಲ್ಲ. ವ್ರಣವನ್ನು ಹಗಲಿರುಳೂ ತೊಳೆಯುತ್ತಿರುವ ಲಾಲಾರಸವೇ ಸಾಕ್ಷಿಯಾಗಬಲ್ಲದು. ಇಂಟರ್‌ಲ್ಯೂಕಿನ್ 8 ಎಂಬ ಪ್ರೋಟೀನು, ಸೈಫ್ರಾ 21-1 ಎಂಬ ಜೀವಕೋಶದ ಪ್ರೋಟೀನಿನ ಚೂರು, ಸೂಕ್ಷ್ಮ ಆರ್‌ಎನ್‌ಎ ಎಂಬ ಕಿರಿದಾದ ತಂತುಗಳು ಬಾಯಿಯ ಅರ್ಬುದವುಳ್ಳವರ ಲಾಲಾರಸದಲ್ಲಿ ಹೆಚ್ಚುವುದನ್ನು ಅನೇಕ ಪ್ರಯೋಗಶಾಲೆಗಳು ವರದಿ ಮಾಡಿವೆ, ಅವನ್ನು ಹಿಡಿಯುವ ವಿದ್ಯುದಗ್ರಗಳನ್ನೂ ನಿರ್ಮಿಸಿವೆ. ಸೂಜಿಯಿಲ್ಲ, ನೋವಿಲ್ಲ, ಉಗುಳಿ ಕೊಟ್ಟರಾಯಿತು. ಇದನ್ನು ಓದಿದಾಗ ನನಗಾದ ಹರ್ಷವನ್ನು ಮುಚ್ಚಿಡಲಾರೆ.

ಆ ಹರ್ಷದ ಬೆನ್ನಲ್ಲೇ ಒಂದು ಸಂಶಯವೂ ಹುಟ್ಟಿತು. ಅದನ್ನು ನಿಮ್ಮ ಮುಂದಿಡುವುದೇ ಈ ಉಪನ್ಯಾಸದ ಮುಖ್ಯ ಉದ್ದೇಶ. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಆಲ್ಕಲಾಯ್ಡು ಮಾತ್ರವಲ್ಲದೆ ಕ್ಯಾಟೆಚಿನ್, ಟ್ಯಾನಿನ್ ಮೊದಲಾದ ಪಾಲಿಫೀನಾಲುಗಳು ಹೇರಳವಾಗಿವೆ. ಅಡಿಕೆ ಬೇಯಿಸಿದ ನೀರು ಚೊಗರಾಗಿ ಕೆಂಪೇರುವುದನ್ನು ಕಂಡ ನಿಮಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಈ ಪಾಲಿಫೀನಾಲುಗಳು ವಿದ್ಯುದಗ್ರದ ಮುಂದೆ ಸುಮ್ಮನಿರತಕ್ಕವಲ್ಲ. ಅಲ್ಪ ವಿಭವದಲ್ಲಿಯೇ ಅವು ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತವೆ, ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ, ವಿದ್ಯುದಗ್ರದ ಮೇಲೆ ಪೊರೆಯನ್ನೂ ಕಟ್ಟುತ್ತವೆ. ತಾಂಬೂಲದ ಸುಣ್ಣವು ಬಾಯಿಯ ರಸವನ್ನು ಕ್ಷಾರೀಯವಾಗಿಸುತ್ತದೆ. ಆಮ್ಲಕ್ಷಾರ ಸ್ಥಿತಿ ಬದಲಾದರೆ ಇಂಥ ಕ್ರಿಯೆಗಳ ವಿಭವಗಳೂ ಸ್ಥಾನಪಲ್ಲಟಗೊಳ್ಳುತ್ತವೆ. ಹೀಗಿರುವಲ್ಲಿ, ಅಡಿಕೆಯನ್ನೇ ಮುಟ್ಟದ ದೇಶದ ಜನರ ಲಾಲಾರಸದಲ್ಲಿ, ಅಥವಾ ಅದಕ್ಕಿಂತಲೂ ಕೃತಕವಾದ ಶುದ್ಧ ಲವಣದ್ರಾವಣದಲ್ಲಿ ಅಂಕಶೋಧನೆಗೊಂಡ ಪಟ್ಟಿಯೊಂದನ್ನು ತಂದು, ಅರ್ಧ ಗಂಟೆಯ ಹಿಂದೆ ಎಲೆಯಡಿಕೆ ಹಾಕಿಕೊಂಡಿದ್ದ ಚನ್ನಗಿರಿಯ ಮುದುಕಪ್ಪನೊಬ್ಬನ ಬಾಯಿಯ ಬಗ್ಗೆ ತೀರ್ಪು ಹೇಳಿಸುವುದು ಸಾಧುವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ರೋಗದ ಭಯ ಯಾರಿಗೆ ಅತ್ಯಧಿಕವೋ, ಯಂತ್ರವು ತಪ್ಪಬಹುದಾದ ಸಂಭವವೂ ಅವರಲ್ಲಿಯೇ ಅತ್ಯಧಿಕವಾಗುತ್ತದೆ.

ಸಂತೋಷದ ಸಂಗತಿಯೆಂದರೆ, ಇಂಥ ಬೆರಕೆಯ ಸಮಸ್ಯೆಯನ್ನು ಬಿಡಿಸುವ ಕುಶಲತೆಯು ನಮ್ಮ ನೆರೆಯಲ್ಲಿಯೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವು 1987ರಲ್ಲಿ ಸ್ಥಾಪಿತವಾದಾಗ ಚನ್ನಗಿರಿ, ಹೊನ್ನಾಳಿಗಳೂ ಶಿವಮೊಗ್ಗ ಜಿಲ್ಲೆಯವೇ ಆಗಿದ್ದವು. ಆ ವಿಶ್ವವಿದ್ಯಾನಿಲಯದ ಕೈಗಾರಿಕಾ ರಸಾಯನಶಾಸ್ತ್ರ ವಿಭಾಗದಲ್ಲಿ ಬಿ. ಎಸ್. ಶೇರಿಗಾರ, ಬಿ. ಇ. ಕುಮಾರಸ್ವಾಮಿ ಮತ್ತು ಅವರ ಶಿಷ್ಯವರ್ಗದವರು ಅನೇಕ ವರ್ಷಗಳಿಂದ ಇಂಗಾಲದ ಮುದ್ದೆಯಿಂದ ಮಾಡಿದ ವಿದ್ಯುದಗ್ರಗಳನ್ನು ಕುರಿತು ಪರಿಶ್ರಮಿಸಿದ್ದಾರೆ. ಗ್ರಾಫೈಟಿನ ಪುಡಿಯನ್ನು ಸಿಲಿಕೋನ್ ಎಣ್ಣೆಯೊಡನೆ ಒರಳಿನಲ್ಲಿ ಅರೆದು ಕೊಳವೆಗೆ ತುಂಬಿದರೆ ಆ ವಿದ್ಯುದಗ್ರ ಸಿದ್ಧವಾಗುತ್ತದೆ. ರಾಲ್ಫ್ ಆಡಮ್ಸ್ ಎಂಬ ರಸಾಯನವಿಜ್ಞಾನಿಯು 1958ರಲ್ಲಿ ಕಲ್ಪಿಸಿದ ಈ ವಿಧಾನದ ಅಗ್ಗವೂ ಸರಳತೆಯೂ ನಮ್ಮಂಥ ದೇಶಕ್ಕೆ ಒಂದು ವರವೇ ಸರಿ. ಉದಾಹರಣೆಗೆ, ಮಿದುಳಿನ ಡೋಪಮೀನನ್ನು ಅಳೆಯಹೊರಟರೆ ಆಸ್ಕಾರ್ಬಿಕ್ ಆಮ್ಲವೂ ಯೂರಿಕ್ ಆಮ್ಲವೂ ಹೆಚ್ಚುಕಡಿಮೆ ಅದೇ ವಿಭವದಲ್ಲಿ ಉತ್ಕರ್ಷಣಗೊಂಡು ಮೂರರ ಸಂಕೇತಗಳೂ ಒಂದರೊಳಗೊಂದು ಮುಳುಗಿಹೋಗುತ್ತವೆ. ವಿದ್ಯುದಗ್ರದ ಮೈಯನ್ನು ತಕ್ಕ ವಸ್ತುಗಳಿಂದ ಮಾರ್ಪಡಿಸಿ ಆ ಸಂಕೇತಗಳನ್ನು ಬೇರೆಬೇರೆಯಾಗಿ ನಿಲ್ಲಿಸುವುದೇ ಶಂಕರಘಟ್ಟದವರ ವಿಶೇಷ ಸಾಧನೆ. ಅದು ಅರ್ಬುದವನ್ನು ಉದ್ದೇಶಿಸಿದ ಕೆಲಸವಲ್ಲ. ಆದರೆ ಯೂರಿಕ್ ಆಮ್ಲವು ಲಾಲಾರಸದಲ್ಲಿಯೂ ಇದೆ, ಅಡಿಕೆಯ ಕ್ಯಾಟೆಚಿನ್ ಅದರ ಜೊತೆಗೆ ಬಂದು ನಿಲ್ಲುತ್ತದೆ. ಬೆರೆತ ಧ್ವನಿಗಳಿಂದ ಒಂದನ್ನು ಆರಿಸುವ ಆ ವಿದ್ಯೆಯೇ ಇಲ್ಲಿಯೂ ಬೇಕಾದದ್ದು.

ಪಟ್ಟಿಯನ್ನು ಪ್ರಯೋಗಶಾಲೆಯಿಂದ ಹಳ್ಳಿಗೆ ದಾಟಿಸುವ ವಿದ್ಯೆಯೂ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಚಾರ್ಯ ನವಕಾಂತ ಭಟ್ಟರೂ ಅವರ ಸಹೋದ್ಯೋಗಿಗಳೂ ಪಾಥ್‌ಶೋಧ್ ಎಂಬ ಉದ್ಯಮವನ್ನು ಆರಂಭಿಸಿ, ಮಧುಮೇಹಕ್ಕೆ ಸಂಬಂಧಿಸಿದ ಅನೇಕ ಸೂಚಕಗಳನ್ನು ವಿದ್ಯುದ್ರಾಸಾಯನಿಕ ಪಟ್ಟಿಗಳ ಮೂಲಕ ಅಂಗೈಯಗಲದ ಒಂದೇ ಉಪಕರಣದಲ್ಲಿ ಅಳೆಯುವಂತೆ ಮಾಡಿದರು. ಭಟ್ಟರಿಗೆ 2018ರಲ್ಲಿ ಇನ್ಫೋಸಿಸ್ ಪ್ರಶಸ್ತಿ ದೊರೆತುದಕ್ಕೆ ಅವರ ಜೈವಿಕ ಸಂವೇದಕಗಳ ಕೆಲಸವೂ ಕಾರಣವಾಯಿತು.

ಪಟ್ಟಿ ಸಿದ್ಧವಾಯಿತೆಂದೇ ಭಾವಿಸೋಣ. ಈ ಸೀಮೆಯ ನಾಲ್ಕು ತಾಲ್ಲೂಕುಗಳಿಂದ 1 ಲಕ್ಷ ಜನರನ್ನು ಅದರಿಂದ ಪರೀಕ್ಷಿಸಿದೆವೆಂದೂ, ಅವರಲ್ಲಿ 100 ಜನರಿಗೆ ನಿಜವಾಗಿ ರೋಗವುಂಟೆಂದೂ, ಪಟ್ಟಿಯು ರೋಗಿಗಳಲ್ಲಿ ನೂರಕ್ಕೆ 95 ಮಂದಿಯನ್ನು ಹಿಡಿದು ನಿರೋಗಿಗಳಲ್ಲಿ ನೂರಕ್ಕೆ 95 ಮಂದಿಯನ್ನು ಬಿಟ್ಟುಬಿಡುವಷ್ಟು ಉತ್ತಮವೆಂದೂ ಕಲ್ಪಿಸಿಕೊಳ್ಳೋಣ. ಈ ಅಂಕಿಗಳು ಲೆಕ್ಕದ ಸೌಕರ್ಯಕ್ಕಾಗಿ ಕಲ್ಪಿತವಾದವು. ಪಟ್ಟಿಯು 95 ರೋಗಿಗಳನ್ನು ಗುರುತಿಸುತ್ತದೆ, 5 ಮಂದಿಗೆ ಸುಳ್ಳು ಅಭಯವನ್ನೀಯುತ್ತದೆ, ಮತ್ತು 4,995 ಮಂದಿ ನಿರೋಗಿಗಳಿಗೆ ರೋಗದ ಶಂಕೆಯನ್ನು ಅಂಟಿಸುತ್ತದೆ. ಶಂಕೆಗೊಳಗಾದ 5,090 ಜನರಲ್ಲಿ ನಿಜವಾದ ರೋಗಿಗಳು ನೂರಕ್ಕೆ ಇಬ್ಬರೂ ಅಲ್ಲ. ಉಳಿದವರಲ್ಲಿ ಒಬ್ಬೊಬ್ಬರೂ ದಿನಗೂಲಿ ಕಳೆದುಕೊಂಡು, ದಾವಣಗೆರೆಯ ಬಸ್ಸು ಹತ್ತಿ, ಬಾಯಿಯಿಂದ ಮಾಂಸದ ತುಣುಕನ್ನು ತೆಗೆಸಿಕೊಂಡು, ವರದಿ ಬರುವ ತನಕ ನಿದ್ದೆಗೆಟ್ಟು, ಊರವರ ಪಿಸುಮಾತಿಗೆ ಗುರಿಯಾಗಿ, ಮದುವೆಗೆ ನಿಂತ ಮಗಳ ಸಂಬಂಧ ಮುರಿದೀತೆಂದು ಕಳವಳಪಡಬೇಕು. ಸಂಶೋಧನ ಪತ್ರಿಕೆಗಳಲ್ಲಿ ಸಂವೇದಕಗಳು ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿದವೆಂಬ ಸ್ಪರ್ಧೆಯನ್ನು ಓದುವಾಗಲೆಲ್ಲ ಈ ಐದು ಸಾವಿರ ಮುಖಗಳು ನನ್ನ ಕಣ್ಣೆದುರಿಗೆ ನಿಲ್ಲುತ್ತವೆ.

ಬೇಗನೆ ಕಂಡುಹಿಡಿದ ಮಾತ್ರಕ್ಕೆ ಪ್ರಾಣವುಳಿಯಿತೆಂಬುದೂ ಸಿದ್ಧವಾದ ಮಾತಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಸ್ತ್ರೀಯರನ್ನು ಸೇರಿಸಿಕೊಂಡು, ಅವರಲ್ಲೊಂದು ಗುಂಪಿನಲ್ಲಿ ಅಂಡಾಶಯದ ಅರ್ಬುದಕ್ಕಾಗಿ ರಕ್ತದ ಸಿ.ಎ. 125 ಸೂಚಕವನ್ನು ವರ್ಷ ವರ್ಷವೂ ಅಳೆಯುತ್ತ ಬಂದ ಮಹಾಪ್ರಯೋಗದ ಅಂತಿಮ ಫಲವು 2021ರಲ್ಲಿ ಪ್ರಕಟವಾಯಿತು: ರೋಗವು ಮುಂಚಿನ ಹಂತದಲ್ಲಿ ಕಂಡುಬಂದದ್ದುಂಟು, ಆದರೆ ಆ ರೋಗದಿಂದ ಮಡಿದವರ ಸಂಖ್ಯೆಯು ತಗ್ಗಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಧ್ವನಿತರಂಗಗಳಿಂದ ಕೊರಳ ಥೈರಾಯ್ಡ್ ಗ್ರಂಥಿಯನ್ನು ನೋಡುವ ರೂಢಿ ಹರಡಿದ ಮೇಲೆ, 2011ರ ಹೊತ್ತಿಗೆ ಆ ಅರ್ಬುದದ ಪತ್ತೆಯು 1993ಕ್ಕಿಂತ 15 ಪಟ್ಟಾಯಿತು. ಮರಣಗಳು ಮಾತ್ರ ಇದ್ದಂತೆಯೇ ಉಳಿದವು.

ಇವಕ್ಕೆ ಪ್ರತಿಯಾಗಿ ಕೇರಳದ ತಿರುವನಂತಪುರದ ಸುತ್ತಿನ ಪಂಚಾಯಿತಿಗಳಲ್ಲಿ 1996ರಿಂದ 2004ರವರೆಗೆ ನಡೆದ ಪ್ರಯತ್ನವನ್ನು ಸ್ಮರಿಸಬೇಕು. ಅಲ್ಲಿ ಯಾವ ವಿದ್ಯುದಗ್ರವೂ ಇರಲಿಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬಾಯಿ ತೆರೆಸಿ, ಬೆಳಕು ಹಿಡಿದು, ಕೆನ್ನೆಯ ಒಳಮೈಯಲ್ಲಿ, ನಾಲಗೆಯ ಅಡಿಯಲ್ಲಿ ಬಿಳಿಯ ಮಚ್ಚೆ, ಕೆಂಪು ಮಚ್ಚೆ, ಮಾಯದ ಹುಣ್ಣುಗಳಿವೆಯೇ ಎಂದು ನೋಡಿದರು. ಒಟ್ಟು ಜನರನ್ನು ತೆಗೆದುಕೊಂಡಾಗ ಮರಣದಲ್ಲಾದ ವ್ಯತ್ಯಾಸವು ನಿಶ್ಚಯವೆನ್ನುವಷ್ಟಿರಲಿಲ್ಲವಾದರೂ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿಯ ಅರ್ಬುದದ ಮರಣಗಳು ನೂರಕ್ಕೆ 34ರಷ್ಟು ತಗ್ಗಿದುವೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಣ್ಣು ಮತ್ತು ಬೆಳಕು ಮಾಡಿದ ಈ ಕೆಲಸವನ್ನು ಮೀರಿಸುವಂಥದೇನಾದರೂ ಇದ್ದರೆ ಮಾತ್ರ ಸಂವೇದಕಕ್ಕೆ ಹಳ್ಳಿಯೊಳಗೆ ಸ್ಥಾನವುಂಟು.

ನನಗೆ ತೋರುವಂತೆ ಆ ಸ್ಥಾನವು ಎರಡನೆಯ ಹೆಜ್ಜೆಯಲ್ಲಿದೆ. ಬಾಯಲ್ಲಿ ಮಚ್ಚೆಯುಳ್ಳವರೆಲ್ಲರಿಗೂ ಅರ್ಬುದವಾಗುವುದಿಲ್ಲ. ಅಡಿಕೆಯಿಂದ ಕೆನ್ನೆಯ ಒಳಚರ್ಮ ಬಿಗಿದು, ಖಾರ ತಿಂದರೆ ಉರಿದು, ಬರಬರುತ್ತ ಬಾಯಿ ತೆರೆಯಲಾಗದೆ ಹೋಗುವ ಸ್ಥಿತಿಯುಳ್ಳವರಲ್ಲಿಯೂ ಎಲ್ಲರಿಗೂ ಆಗುವುದಿಲ್ಲ. ಯಾರನ್ನು ನಾಳೆಯೇ ದಾವಣಗೆರೆಗೆ ಕಳುಹಿಸಬೇಕು, ಯಾರನ್ನು ಆರು ತಿಂಗಳ ಬಳಿಕ ಮತ್ತೆ ನೋಡಬಹುದು ಎಂಬ ವಿವೇಚನೆಯು ಕಣ್ಣಿಗೆ ನಿಲುಕತಕ್ಕದ್ದಲ್ಲ. ಮೊದಲು ಕಣ್ಣಿನಿಂದ ಶೋಧಿಸಿ ಶಂಕಿತರನ್ನು ಬೇರ್ಪಡಿಸಿದರೆ, ನಾನು ಆಗ ಹೇಳಿದ ಲೆಕ್ಕವೇ ತಲೆಕೆಳಗಾಗುತ್ತದೆ: ಪರೀಕ್ಷೆಗೊಳಗಾಗುವ 1,000 ಜನರಲ್ಲಿ ರೋಗವುಳ್ಳವರು 100 ಮಂದಿ ಇದ್ದರೆ, ಅದೇ ಪಟ್ಟಿಯು 95 ಮಂದಿಯನ್ನು ಸರಿಯಾಗಿ ಹಿಡಿದು 45 ಮಂದಿಯನ್ನು ಮಾತ್ರ ವ್ಯರ್ಥವಾಗಿ ಹೆದರಿಸುತ್ತದೆ. ಪಟ್ಟಿಯು ಬದಲಾಗಲಿಲ್ಲ, ಅದನ್ನು ಪ್ರಯೋಗಿಸುವ ಕ್ರಮವಷ್ಟೇ ಬದಲಾಯಿತು.

ಮೂವತ್ತರಿಂದ ಅರವತ್ತೈದು ವರ್ಷದವರೆಲ್ಲರ ಬಾಯಿಯನ್ನೂ, ಸ್ತ್ರೀಯರಲ್ಲಿ ಸ್ತನ ಮತ್ತು ಗರ್ಭಕೊರಳನ್ನೂ ಐದು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರದ ಆರೋಗ್ಯ ಮಂತ್ರಾಲಯವು 2016ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಆದಕಾರಣ ಮೊದಲನೆಯ ಹೆಜ್ಜೆಗೆ ಹೊಸ ಆಜ್ಞೆಯೇನೂ ಬೇಕಾಗಿಲ್ಲ; ಉಪಕೇಂದ್ರದ ಆರೋಗ್ಯ ಸಹಾಯಕಿಗೆ ಬಾಯಿ ನೋಡುವ ಸಾವಧಾನವೂ, ನೋಡಿ ಕಂಡದ್ದನ್ನು ಕಳುಹಿಸಿಕೊಡಲು ಖಚಿತವಾದ ಒಂದು ಬಾಗಿಲೂ ದೊರೆಯಬೇಕಾಗಿದೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು ಇದೆ, ದಂತವೈದ್ಯಕೀಯ ಕಾಲೇಜುಗಳೂ ಇವೆ. ಮುಂದಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಹುಟ್ಟಿದ ಕಿದ್ವಾಯಿ ಅರ್ಬುದ ಸಂಸ್ಥೆಯಿದೆ. ಉಪಕೇಂದ್ರದಿಂದ ಅಲ್ಲಿಯವರೆಗಿನ ದಾರಿಯಲ್ಲಿ ಯಾರ ಕೈಯೂ ಬಿಟ್ಟುಹೋಗದಂತೆ ನೋಡಿಕೊಳ್ಳುವ ಏರ್ಪಾಡು ಆಗದಿದ್ದರೆ, ಎಂಥ ಸಂವೇದಕವೂ ಬಡವನಿಗೆ ಭಯವನ್ನು ಕೊಟ್ಟು ಮದ್ದನ್ನು ಕೊಡದ ಯಂತ್ರವಾದೀತು.

ಇನ್ನು ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಮನೆತನದ ಹಿರಿಯರಲ್ಲಿ ನನ್ನ ಬಿನ್ನಹವಿಷ್ಟು. ಅಡಿಕೆ ಅಗಿಯುವವರ, ಅಗಿಯದವರ, ಹೊಗೆಸೊಪ್ಪು ಬೆರೆಸುವವರ, ಬೆರೆಸದವರ ಲಾಲಾರಸವನ್ನು ಅವರವರ ಒಪ್ಪಿಗೆ ಪಡೆದು, ಹೆಸರನ್ನು ಮರೆಯಾಗಿಟ್ಟು ಸಂಗ್ರಹಿಸಬೇಕು. ಬಾಯಿ ತೊಳೆದ ಮೇಲೆ ಎಷ್ಟು ಹೊತ್ತಿಗೆ ಅಡಿಕೆಯ ಸಂಕೇತವು ವಿದ್ಯುದಗ್ರದಿಂದ ಮರೆಯಾಗುತ್ತದೆಂಬುದನ್ನು ಅಳೆದು ಬರೆದಿಡಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಶಂಕರಘಟ್ಟದ ಒಬ್ಬಿಬ್ಬರು ಸಂಶೋಧನ ವಿದ್ಯಾರ್ಥಿಗಳಿಗೆ ವೇತನವೂ, ಮಾದರಿಗಳನ್ನು ಶೀತದಲ್ಲಿಡುವ ಪೆಟ್ಟಿಗೆಯೂ, ಓಡಾಟದ ವೆಚ್ಚವೂ ಒದಗಿದರೆ ಕೆಲಸ ಆರಂಭವಾಗುತ್ತದೆ. ಸಂಗ್ರಹವನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಮಾಡುವುದು ಯುಕ್ತ, ಏಕೆಂದರೆ ಅಗಿಯುವಿಕೆ ಹೆಚ್ಚುವುದು ಆಗಲೇ. ಪ್ರತಿಕಾಯಗಳು ಶಾಖಕ್ಕೆ ಕೆಡತಕ್ಕವಾದ್ದರಿಂದ, ತಯಾರಾದ ಪಟ್ಟಿಗಳ ಒಂದು ಪಾಲನ್ನು ಜಗಳೂರಿನ ಯಾವುದಾದರೊಂದು ಉಪಕೇಂದ್ರದಲ್ಲಿ, ಶೀತಕಪಾಟಿಲ್ಲದೆ, ಮಾರ್ಚಿನಿಂದ ಮೇ ಮುಗಿಯುವ ತನಕ ಬೀರುವಿನಲ್ಲಿಟ್ಟು, ಜೂನಿನಲ್ಲಿ ತೆಗೆದು, ಅಳತೆ ಗೊತ್ತಿರುವ ಮಾದರಿಗಳ ಮೇಲೆ ಪ್ರಯೋಗಿಸಿ ನೋಡಬೇಕು. ಬಂದ ಫಲವು ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಮುಂದಿನ ವರ್ಷದ ಉಪನ್ಯಾಸಕರು ಅದನ್ನು ಇದೇ ಸಭೆಗೆ ಅಂಕಿಸಮೇತವಾಗಿ ಒಪ್ಪಿಸುವಂತಾಗಬೇಕೆಂದು ಕೋರುತ್ತೇನೆ.